ಸ್ಪ್ರಿಟ್ಸ್‌ಗೆ ಯಾವ ಪ್ರೊಸೆಕ್ಕೊ? ಹತ್ತು ನಿಮಿಷ ಕಾದು ಕಂಡುಕೊಂಡದ್ದು

ಇಟಲಿಯ ಪಾದೊವಾದಲ್ಲಿ ಬಾರ್ ಕೌಂಟರ್ ಹಿಂದೆ ನಿಲ್ಲೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತು. ಅದಕ್ಕೆ ಮುಂಚೆ ಕ್ರೂಸ್ ಹಡಗು, ಅದಕ್ಕೂ ಮುಂಚೆ ಕುಂದಾಪುರ. ಸ್ಪ್ರಿಟ್ಸ್ ಅಂದರೆ ಪ್ರೊಸೆಕ್ಕೊ ಅನ್ನೋ ಇಲ್ಲಿನ ಗುಳ್ಳೆ ವೈನ್, ಆಪೆರೋಲ್ ಅನ್ನೋ ಕಿತ್ತಳೆ ಬಣ್ಣದ ಸಿಹಿಕಹಿ ಮದ್ಯ, ಸೋಡಾ ಬೆರೆಸಿ ಐಸು ಹಾಕಿದ ಪಾನೀಯ. ಆ ಆಪೆರೋಲ್ ಹುಟ್ಟಿದ್ದು ಇದೇ ಪಾದೊವಾದಲ್ಲಿ, 1919ರಲ್ಲಿ. ಅಂಥ ಊರಲ್ಲಿ "ಸ್ಪ್ರಿಟ್ಸ್‌ಗೆ ನಾವು ಹಾಕ್ತಿರೋ ವೈನ್ ಸರಿಯಿಲ್ಲ" ಅಂದರೆ ಯಜಮಾನರಿಗೆ ಸಿಟ್ಟು ಬರದೇ ಇರುತ್ತಾ? "ನಮ್ಮಪ್ಪ ಹಾಕ್ತಿದ್ದದ್ದೂ ಎಕ್ಸ್‌ಟ್ರಾ ಡ್ರೈ, ನಾನು ಹಾಕೋದೂ ಅದೇ" ಅಂದರು. ಎಕ್ಸ್‌ಟ್ರಾ ಡ್ರೈ ಅನ್ನೋದು ಪ್ರೊಸೆಕ್ಕೊದ ಒಂದು ಬಗೆ, ಅದರ ಗುಟ್ಟು ಆಮೇಲೆ ಹೇಳ್ತೀನಿ. ಅಡುಗೆಯವನೂ ನಕ್ಕ. ಈಗ ಎರಡು ಬೇಸಿಗೆಯಿಂದ ನಮ್ಮ ಫ್ರಿಜ್ಜಿನಲ್ಲಿರುವುದು ನಾನು ಆರಿಸಿದ ಬಾಟಲಿ.

ಮೂರು ಪಾಲು ಪ್ರೊಸೆಕ್ಕೊ, ಎರಡು ಆಪೆರೋಲ್, ಒಂದು ಸೋಡಾ, ಈ ಲೆಕ್ಕ ಎಲ್ಲರದ್ದೂ ಒಂದೇ, ಅದನ್ನು ಬೆಳೆಸಲ್ಲ. ಮೊದಲು ಕಳೆದುಕೊಂಡ ದುಡ್ಡಿನ ವಿಷಯ.

ಒಳ್ಳೇ ವೈನ್ ಹಾಕಿದರೆ ಒಳ್ಳೇ ಸ್ಪ್ರಿಟ್ಸ್ ಆಗುತ್ತೆ ಅಂದುಕೊಂಡು ಸ್ವಂತ ದುಡ್ಡಲ್ಲಿ ಆರು ಬಾಟಲಿ ಫ್ರಾಂಚಾಕೋರ್ತಾ ತಂದೆ. ಒಂದಕ್ಕೆ 18 ಯೂರೋ ಹತ್ತಿರ. ಬಾಟಲಿಯಲ್ಲೇ ಎರಡನೇ ಸಲ ಹುಳಿಯುವ ವೈನ್ ಅದು. ಈಸ್ಟಿನ ಜೊತೆ ತಿಂಗಳುಗಟ್ಟಲೆ ಇದ್ದು ಬ್ರೆಡ್ಡಿನ ಪರಿಮಳ ಬಂದಿರುತ್ತೆ. ಹಾಗೇ ಕುಡಿದರೆ ಸ್ವರ್ಗ. ಆಪೆರೋಲ್ ಬಿದ್ದ ಕೂಡಲೇ ಆ ಪರಿಮಳಕ್ಕೂ ಕಿತ್ತಳೆಗೂ ಜಗಳ ಶುರು. ಐಸು ಕರಗಿದ ಮೇಲೆ ಎರಡೂ ಇಲ್ಲ. ನೂರು ಯೂರೋಗೂ ಜಾಸ್ತಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತು.

ಆಮೇಲೆ ಉಲ್ಟಾ ಹೋದೆ. ನಾಲ್ಕು ಯೂರೋ ಲೆಕ್ಕದಲ್ಲಿ ಫ್ರಿಜ್ಜಾಂತೆ, ಅಂದರೆ ಕಡಿಮೆ ಗುಳ್ಳೆಯ ಪ್ರೊಸೆಕ್ಕೊ, 36 ಬಾಟಲಿ. ಫ್ರಿಜ್ಜಾಂತೆಯ ಬಾಟಲಿಯೊಳಗೆ ಗ್ಯಾಸಿನ ಒತ್ತಡ ಎರಡೂವರೆ ಬಾರ್ (ಒತ್ತಡದ ಅಳತೆ) ದಾಟಲ್ಲ, ಜಾಸ್ತಿ ಗುಳ್ಳೆಯ ಸ್ಪುಮಾಂತೆಯದ್ದು ಮೂರರಿಂದ ಮೇಲೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಗ್ಲಾಸಿನಲ್ಲಿ ಐದು ನಿಮಿಷಕ್ಕೆ ಗುಳ್ಳೆ ಸತ್ತುಹೋಗುತ್ತೆ. ಬಾಟಲಿಗೆ ಎಂಟು ಗ್ಲಾಸ್ ಅಂತ ಹಾಕಿದ ಲೆಕ್ಕ ಆರಕ್ಕೇ ನಿಂತಿತು, ಕೊನೆಯ ಎರಡು ಗ್ಲಾಸ್ ಗಿರಾಕಿ ಮುಂದೆ ಇಡೋ ಹಾಗಿರಲಿಲ್ಲ. ಇಲ್ಲಿ ಕೆಲವು ಕಡೆ ಕೊಳಾಯಿಯಿಂದಲೂ ವೈನ್ ಹಿಡಿಯುತ್ತಾರೆ, ಅದಕ್ಕೆ ಪ್ರೊಸೆಕ್ಕೊ ಅನ್ನೋ ಹೆಸರೇ ಹಾಕುವಂತಿಲ್ಲ. ಅದರ ತಂಟೆಗೆ ನಾನು ಹೋಗಲೇ ಇಲ್ಲ.

ದಾರಿ ತೋರಿಸಿದ್ದು ದಿನಾ ಸಂಜೆ ಇಸ್ಪೀಟು ಆಡೋಕೆ ಬರುವ ಒಬ್ಬ ಅಜ್ಜ. ಒಂದಿನ ಅರ್ಧ ಗ್ಲಾಸ್ ಹಾಗೇ ಬಿಟ್ಟರು. ಯಾಕೆ ಅಂದೆ. "ಮೊದಲ ಗುಟುಕು ಚೆನ್ನಾಗಿತ್ತು ಮಗಾ, ಈಗ ಬರೀ ಸಕ್ಕರೆ ನೀರು." ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾವು ವೈನ್ ರುಚಿ ನೋಡೋದು ಬಾಟಲಿ ತೆಗೆದ ಕೂಡಲೇ, ಬರೀ ವೈನನ್ನ. ಗಿರಾಕಿ ಕುಡಿಯೋದು ಐಸು ಕರಗುತ್ತಾ, ಹರಟೆ ಹೊಡೀತಾ, ಇಪ್ಪತ್ತು ನಿಮಿಷ. ಪರೀಕ್ಷೆ ಆಗಬೇಕಾದ್ದು ಅಲ್ಲೇ ಅಲ್ವಾ?

ಸೋಮವಾರ ರಜೆ. ಏಳು ಬಾಟಲಿಗೆ ಕಾಗದ ಸುತ್ತಿ ನಂಬರ್ ಬರೆದೆ. ಎಲ್ಲವೂ ಒಂದೇ ಫ್ರಿಜ್ಜಿನಲ್ಲಿ ನಾಲ್ಕು ಡಿಗ್ರಿಯಲ್ಲಿದ್ದವು. ಮೊದಲು ಬರೀ ವೈನ್ ಕೊಟ್ಟೆ. ಯಜಮಾನರು ಬೆಟ್ಟದ ಊರು ವಾಲ್ದೊಬ್ಬಿಯಾದೆನೆಯ ಎಕ್ಸ್‌ಟ್ರಾ ಡ್ರೈಗೆ ಮೊದಲ ಸ್ಥಾನ ಕೊಟ್ಟರು. ಬೆಲೆ ಒಂಬತ್ತು ಯೂರೋ ಇರಬೇಕು. ಆಮೇಲೆ ಏಳು ಗ್ಲಾಸ್ ಸ್ಪ್ರಿಟ್ಸ್ ಮಾಡಿ, ಫೋನಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಯಾರೂ ಮುಟ್ಟಬಾರದು ಅಂದೆ. ಕಿಟಕಿ ಬೆಳಕಿನಲ್ಲಿ ಏಳೂ ಕಿತ್ತಳೆ ಬಣ್ಣ. ಆದರೆ ಐದರಲ್ಲಿ ಗುಳ್ಳೆ ಗ್ಲಾಸಿನ ಗೋಡೆಗೆ ಅಂಟಿಕೊಂಡು ನಿಂತಿತ್ತು. ಎರಡರಲ್ಲಿ ಮಾತ್ರ ಐಸಿನ ಸಂದಿಯಿಂದ ಸಣ್ಣ ದಾರದ ಹಾಗೆ ಇನ್ನೂ ಏಳ್ತಾ ಇತ್ತು. ಅಜ್ಜ, ಅಡುಗೆಯವ, ಯಜಮಾನರು, ಮೂವರೂ ಬೆರಳಿಟ್ಟದ್ದು ನಾಲ್ಕನೇ ನಂಬರಿಗೆ. ಬೆಟ್ಟದ್ದಲ್ಲ, ಬಯಲಿನ ಡಿ.ಓ.ಸಿ. (ಇಂಥ ಪ್ರದೇಶದ್ದು ಅನ್ನೋ ಅಧಿಕೃತ ಗುರುತು) ಬ್ರುಟ್. ಆರು ಯೂರೋ! ಯಜಮಾನರು ಮೊದಲು ಮೆಚ್ಚಿದ ಒಂಬತ್ತು ಯೂರೋದ್ದು ಐದನೇ ಜಾಗಕ್ಕೆ ಇಳಿದಿತ್ತು.

ಕಾರಣ ಸಿಹಿ. ಆಪೆರೋಲ್‌ನಲ್ಲೇ ಬೇಕಾದಷ್ಟು ಸಕ್ಕರೆ ಇದೆ. ಎಕ್ಸ್‌ಟ್ರಾ ಡ್ರೈ ಅಂದರೆ ಲೀಟರಿಗೆ 12ರಿಂದ 17 ಗ್ರಾಂ, ಬ್ರುಟ್ ಅಂದರೆ 12ರ ಒಳಗೆ. ಹೆಸರು ಕೇಳಿ ಎಕ್ಸ್‌ಟ್ರಾ ಡ್ರೈಯೇ ಜಾಸ್ತಿ ಒಣ ಅಂದುಕೊಂಡು ಮೋಸ ಹೋದವರನ್ನು ಹಡಗಿನಲ್ಲೂ ನೋಡಿದ್ದೇನೆ. ಆಪೆರೋಲ್ ಬದಲು ಅದಕ್ಕಿಂತ ಕಹಿಯಾದ ಕಾಂಪಾರಿ ಹಾಕುವಾಗ ಮಾತ್ರ ನಾನು ಎಕ್ಸ್‌ಟ್ರಾ ಡ್ರೈಗೇ ಹೋಗ್ತೀನಿ, ಆ ಕಹಿಗೆ ಸ್ವಲ್ಪ ಸಿಹಿ ಬೇಕು. ವೆನಿಸಿನವರ ಕಹಿ ಮದ್ಯ ಸೆಲೆಕ್ಟ್‌ಗೆ, ಹಸಿರು ಆಲಿವ್ ಹಾಕಿದರಂತೂ, ಮತ್ತೆ ಬ್ರುಟ್ಟೇ.

ನಡುವೆ ಬೆಲ್ಲೀನಿ, ಅಂದರೆ ಹಣ್ಣಿನ ತಿರುಳಿಗೆ ಪ್ರೊಸೆಕ್ಕೊ ಬಿಡುವ ಪಾನೀಯ, ಅದರ ಕಡೆಗೂ ಕೈ ಹಾಕಿದೆ. ವೆನಿಸಿನ ಹ್ಯಾರೀಸ್ ಬಾರ್‌ನ ಚಿಪ್ರಿಯಾನಿ ಅದನ್ನು ಮಾಡಿದ್ದು ಬಿಳಿ ಪೀಚ್ ಹಣ್ಣಿನಲ್ಲಿ. ನಾನು ಆಪೂಸಿನ ಡಬ್ಬಿ ತಿರುಳು ಹಾಕಿ ನೋಡಿದೆ. ಮೊದಲ ಸಲ ನೊರೆ ಉಕ್ಕಿ ಕೌಂಟರ್ ತುಂಬಾ ಹರಿಯಿತು. ತಿರುಳನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ತಣ್ಣಗೆ ಮಾಡಿ, ವೈನನ್ನು ಗ್ಲಾಸ್ ಓರೆ ಹಿಡಿದು ಬಿಟ್ಟರೆ ನಿಲ್ಲುತ್ತೆ. ಜೂನಿನಲ್ಲಿ ನಾಲ್ಕು ವಾರ ಮಾರಿದೆ, ದಿನಕ್ಕೆ ಹತ್ತು ಹದಿನೈದು ಹೋಗ್ತಿತ್ತು.

ನಾಲ್ಕನೇ ನಂಬರಿನ ಹೆಸರು ಹೇಳಲ್ಲ, ಕ್ಷಮಿಸಿ. ಪಕ್ಕದ ಬೀದಿಯ ಬಾರಿನವರೇ ಮೂರು ಸಲ ಕೇಳಿದ್ದಾರೆ. ಬಾಟಲಿ ತುಂಬಿದ ತಿಂಗಳು ನೋಡಿಯೇ ಕೊಳ್ಳಿ ಅಂತ ಮಾತ್ರ ಹೇಳ್ತೀನಿ, ಪ್ರೊಸೆಕ್ಕೊ ಹೊಸದಿದ್ದಷ್ಟೂ ಒಳ್ಳೆಯದು. ಲೇಬಲ್ಲಿನಲ್ಲಿ ಅದನ್ನು ಎಲ್ಲಿ ಹುಡುಕಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಬೇಸಿಗೆಯಲ್ಲಿ ವಾರಕ್ಕೆ ನಲವತ್ತು ಬಾಟಲಿ ಖರ್ಚು. ಹಳೇ ಬಾಟಲಿಗೆ ಏಳೂವರೆ ಕೊಡ್ತಿದ್ದೆವು, ಈಗ ಆರು. ವಾರಕ್ಕೆ ಅರವತ್ತು ಯೂರೋ ಉಳೀತು. ಅಜ್ಜ ಈಗಲೂ ಸ್ಪ್ರಿಟ್ಸ್ ಅನ್ನಲ್ಲ, ಬಂದು ಕೂತು ನಾಲ್ಕು ಬೆರಳು ತೋರಿಸ್ತಾರೆ. ಗ್ಲಾಸ್ ಖಾಲಿ ಮಾಡಿಯೇ ಏಳ್ತಾರೆ.