‘ನಾಳೆ ಬನ್ನಿ’ ಅನ್ನುವುದನ್ನು ಬಿಡಲು ನಾವು ಮಾಡಿಕೊಂಡ ಅಭ್ಯಾಸಗಳು

ತುಮಕೂರಿನಲ್ಲಿ ನಮ್ಮದು ಲೆಕ್ಕ ಬರೆದು ತೆರಿಗೆ ರಿಟರ್ನ್ ಸಲ್ಲಿಸುವ ಸಣ್ಣ ಕಚೇರಿ. ನಾಲ್ಕು ಮೇಜು, ನಾಲ್ಕು ಜನ. ಅಡಿಕೆ, ಕೊಬ್ಬರಿ ವ್ಯಾಪಾರಿಗಳು, ಹಾರ್ಡ್‌ವೇರ್ ಅಂಗಡಿಯವರು, ಸಣ್ಣ ಗುತ್ತಿಗೆದಾರರು ನಮ್ಮ ಪಾರ್ಟಿಗಳು. (ಗ್ರಾಹಕ ಅನ್ನುವುದು ಬೋರ್ಡಿನ ಮೇಲೆ ಮಾತ್ರ, ಮಾತಿನಲ್ಲಿ ಎಲ್ಲರೂ ಪಾರ್ಟಿಯೇ.) ಇಂಥ ಕಡೆ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಮಾತು ‘ನಾಳೆ ಬನ್ನಿ’. ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರಲ್ಲ, ಅದೇ ತಂತ್ರ. ದೆವ್ವ ಓದಿಕೊಂಡು ಹೋಗುತ್ತಿತ್ತಂತೆ. ಪಾರ್ಟಿ ಮಾತ್ರ ನಿಜವಾಗಿಯೂ ನಾಳೆ ಬಂದು ನಿಲ್ಲುತ್ತಾರೆ.

ಅದಕ್ಕೆ ಒಂದೇ ಕಟ್ಟಳೆ ಮಾಡಿಕೊಂಡೆವು: ನಾಳೆ ಅನ್ನಬಾರದು, ಯಾವ ದಿನ, ಎಷ್ಟು ಗಂಟೆ ಎಂದು ಹೇಳಬೇಕು, ಹೇಳಿದ್ದನ್ನು ಅವರ ಎದುರಿಗೇ ಬರೆಯಬೇಕು. ಉಳಿದ ಅಭ್ಯಾಸಗಳೆಲ್ಲ ಇದನ್ನು ಉಳಿಸಿಕೊಳ್ಳಲು ಹೋಗಿ ಹುಟ್ಟಿದವು.

ಬರೆಯುವುದು 200 ಪುಟದ ಉದ್ದ ಗೆರೆ ಪುಸ್ತಕದಲ್ಲಿ. ಐದು ಕಾಲಂ: ಬಂದ ದಿನ, ಯಾರು, ಏನು ಮಾಡಬೇಕು, ವಾಯಿದೆ, ಮುಗಿದ ಗುರುತು. ಇಡೀ ಕಚೇರಿಗೆ ಒಂದೇ ಪುಸ್ತಕ, ಅದು ಸದಾ ತೆರೆದೇ ಇರಬೇಕು. ಮೊಬೈಲ್ ಆ್ಯಪ್ ಯಾಕಲ್ಲ ಎಂದರೆ, ಆ್ಯಪ್ ತೆರೆಯಲು ಫೋನ್ ಎತ್ತಿದ ಕೈ ಮೊದಲು ವಾಟ್ಸ್ಆ್ಯಪ್ ಒತ್ತುತ್ತದೆ. ಮೂರನೇ ಕಾಲಂನಲ್ಲಿ ‘ಜಿಎಸ್‌ಟಿ ಕೆಲಸ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮೇ ತಿಂಗಳ ಖರೀದಿ ಬಿಲ್ 3 ಬಂದಿಲ್ಲ, ಫೋನ್ ಮಾಡಿ ತರಿಸಬೇಕು’ ಎಂದಿರಬೇಕು. ಓದಿದ ತಕ್ಷಣ ಕೈ ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಆ ಸಾಲು ದಿನಗಟ್ಟಲೆ ಹಾಗೇ ಕೂತಿರುತ್ತದೆ.

ಇದು ಕೆಡುವುದು ಎರಡು ಕಡೆ. ಒಂದು, ಚೀಟಿಯಲ್ಲಿ ಗೀಚಿಟ್ಟು ‘ಸಂಜೆ ಪುಸ್ತಕಕ್ಕೆ ಏರಿಸುತ್ತೇನೆ’ ಅನ್ನುವುದು. ಸಂಜೆಯ ಹೊತ್ತಿಗೆ ಚೀಟಿ ಯಾವುದೋ ಫೈಲಿನೊಳಗೆ ಸೇರಿರುತ್ತದೆ. ಇನ್ನೊಂದು, ಎದುರಿಗಿದ್ದವರನ್ನು ಖುಷಿಪಡಿಸಲು ಬೇಗನೆಯ ದಿನ ಕೊಟ್ಟುಬಿಡುವುದು. ಈಗ ಮನಸ್ಸಿಗೆ ಬಂದ ದಿನಕ್ಕೆ ಒಂದು ಕೆಲಸದ ದಿನ ಸೇರಿಸಿ ಹೇಳುತ್ತೇವೆ. 18ರಿಂದ 20ನೇ ತಾರೀಖಿನವರೆಗೆ ರಿಟರ್ನ್ ಬಿಟ್ಟು ಬೇರೆ ಯಾವ ಕೆಲಸಕ್ಕೂ ವಾಯಿದೆ ಕೊಡುವುದಿಲ್ಲ.

ನಮ್ಮ ವೃತ್ತಿಯಲ್ಲಿ ತಿಂಗಳ ತಾರೀಖುಗಳು ಮೊದಲೇ ಗೊತ್ತಿರುತ್ತವೆ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್). ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಕರ್ನಾಟಕದಲ್ಲಿ 3ಬಿ ಕೊನೆಯ ದಿನ 22. ಗೋಡೆಯ ಕ್ಯಾಲೆಂಡರಿನಲ್ಲಿ ನಾವು ಇವನ್ನು ಗುರುತು ಹಾಕುವುದೇ ಇಲ್ಲ, ನಮ್ಮ ಒಳ ತಾರೀಖನ್ನು ಹಾಕುತ್ತೇವೆ. ಜಿಎಸ್‌ಟಿಆರ್-1ಕ್ಕೆ 5ರೊಳಗೆ ಬಿಲ್ ಬಂದಿರಬೇಕು, 8ಕ್ಕೆ ಎಂಟ್ರಿ ಮುಗಿದಿರಬೇಕು, 9ಕ್ಕೆ ಸಲ್ಲಿಕೆ. 3ಬಿಗೆ 17. ಕೊನೆಯ ದಿನ ಪೋರ್ಟಲ್ ನಿಧಾನವಾಗುವುದು, ಕರೆಂಟ್ ಹೋಗುವುದು, ಪಾರ್ಟಿ ಮದುವೆಗೆ ಹೋಗಿರುವುದು ಎಲ್ಲ ಒಟ್ಟಿಗೇ ಬರುತ್ತವೆ.

ಮಾರಿದವರ ಜಿಎಸ್‌ಟಿಆರ್-1 ಯಾಕೆ ತಡವಾಗಬಾರದು ಎಂದು ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ. 14ಕ್ಕೆ ಖರೀದಿದಾರರ 2ಬಿ, ಅಂದರೆ ಅವರಿಗೆ ಮಾರಿದವರು ಸಲ್ಲಿಸಿದ ಬಿಲ್ಲುಗಳ ಪಟ್ಟಿ, ಪೋರ್ಟಲಿನಲ್ಲಿ ತಯಾರಾಗುತ್ತದೆ. 11 ದಾಟಿ ಸಲ್ಲಿಸಿದ ಬಿಲ್ ಅದರಲ್ಲಿ ಕಾಣುವುದಿಲ್ಲ, ಅವರಿಗೆ ಆ ತಿಂಗಳು ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವುದರಲ್ಲಿ ಕಳೆಯುವ ಅವಕಾಶ) ಸಿಗುವುದಿಲ್ಲ, ಮುಂದಿನ ತಿಂಗಳವರೆಗೆ ಕಾಯಬೇಕು. ಅವರು ನಮ್ಮ ಪಾರ್ಟಿಗೆ ಫೋನ್ ಮಾಡಿ ರೇಗುತ್ತಾರೆ, ನಮ್ಮ ಪಾರ್ಟಿ ನಮಗೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಾದರೆ 20 ರೂಪಾಯಿ. ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ಹತ್ತು ದಿನಕ್ಕೆ 500 ರೂಪಾಯಿ ಯಾರಿಗೂ ದೊಡ್ಡದಲ್ಲ. ಆದರೆ ಆ 500 ಯಾರು ಕಟ್ಟಬೇಕು ಎನ್ನುವ ಮಾತು ಶುರುವಾದರೆ ವರ್ಷಗಳ ವ್ಯವಹಾರ ಮುರಿಯುತ್ತದೆ.

ದಿನದ ಹೊತ್ತನ್ನು ನಾವು ಬಸ್ಸಿನ ಲೆಕ್ಕದಲ್ಲಿ ಹಂಚಿಕೊಂಡಿದ್ದೇವೆ. ಪಾವಗಡ, ಮಧುಗಿರಿ, ಶಿರಾ ಕಡೆಯವರು ಊರಲ್ಲಿ ತಿಂಡಿ ಮುಗಿಸಿ ಹೊರಟರೆ ನಮ್ಮಲ್ಲಿಗೆ ಬರುವುದು ಹನ್ನೊಂದರ ಮೇಲೆ. ಹಾಗಾಗಿ 9.30ರಿಂದ 11ರವರೆಗೆ ತಲೆ ಬಗ್ಗಿಸಿ ಮಾಡುವ ಕೆಲಸ: 2ಬಿಯನ್ನು ಖರೀದಿ ಪುಸ್ತಕದ ಜೊತೆ ತಾಳೆ ನೋಡುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ಹೊಂದಿಸುವುದು. ಫೋನುಗಳೆಲ್ಲ ಮುಂದಿನ ಮೇಜಿನ ಡ್ರಾಯರಿನಲ್ಲಿ. ‘ಕೆಲಸದ ಹೊತ್ತಿನಲ್ಲಿ ಯಾರನ್ನೂ ಒಳಗೆ ಬಿಡಬೇಡಿ’ ಎನ್ನುವ ಉಪದೇಶ ನಮ್ಮ ಊರಿಗೆ ಹೊಂದುವುದಿಲ್ಲ. ನೂರು ಕಿಲೋಮೀಟರ್ ದೂರದ ಪಾವಗಡದಿಂದ ಬೆಳಗಿನ ಮೊದಲ ಬಸ್ಸಿಗೇ ಬಂದವರಿಗೆ ಬಾಗಿಲು ಹಾಕಲಾಗುತ್ತದೆಯೇ? ಅದಕ್ಕೆ ವಾರಕ್ಕೊಬ್ಬರಂತೆ ಸರದಿಯಲ್ಲಿ ಮುಂದಿನ ಮೇಜಿಗೆ ಕೂರುತ್ತೇವೆ. ಬಂದವರಿಗೆ ನೀರು ಕೊಡುವುದು, ಕಾಗದ ಪರೀಕ್ಷಿಸಿ ತೆಗೆದುಕೊಳ್ಳುವುದು, ವಾಯಿದೆ ಬರೆಯುವುದು, ಫೋನ್ ಎತ್ತುವುದು ಎಲ್ಲ ಅವರದು. ಉಳಿದ ಮೂವರು ತಲೆ ಎತ್ತುವುದಿಲ್ಲ. ಮುಂದಿನ ಮೇಜಿನವರಿಗೆ ಆ ವಾರ ಕಷ್ಟದ ಲೆಕ್ಕ ಕೊಡಬಾರದು. ಕೊಟ್ಟರೆ ಎರಡೂ ಕೆಡುತ್ತವೆ.

ವಾಟ್ಸ್ಆ್ಯಪ್ ನೋಡುವುದು ಮೂರು ಸಲ: 11, 2.30, 5.30. ಉತ್ತರದಲ್ಲಿ ಹೆಬ್ಬೆರಳಿನ ಚಿತ್ರ ಸಾಲದು. ‘ಬಿಲ್ 14 ಬಂದವು ಸಾರ್, ಗುರುವಾರ ಸಂಜೆ 4ಕ್ಕೆ ಲೆಕ್ಕ ಕಳಿಸುತ್ತೇನೆ’ ಎಂದಿರಬೇಕು. ಎಷ್ಟು ಬಂದವು ಎಂಬ ಸಂಖ್ಯೆ ಮುಖ್ಯ. ಅವರು 15 ಕಳಿಸಿದ್ದರೆ ಆಗಲೇ ಹೇಳುತ್ತಾರೆ. ಬಿಲ್ಲನ್ನು ಫೋಟೋ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ, ಜಿಎಸ್‌ಟಿ ನಂಬರಿನಲ್ಲಿ 8 ಯಾವುದು, ಇಂಗ್ಲಿಷಿನ ಬಿ ಅಕ್ಷರ ಯಾವುದು ಎಂದು ತಿಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಒಂದು ಸಲ ಅವರ ಫೋನಿನಲ್ಲೇ ಮಾಡಿ ತೋರಿಸಿದರೆ ಮುಗಿಯಿತು. ಬಂದ ಫೈಲಿಗೆ ಅವತ್ತೇ ಹೆಸರು: ಮೊದಲು ವರ್ಷ, ಆಮೇಲೆ ತಿಂಗಳು, ಪಾರ್ಟಿ, ವಿಷಯ. 2025-06ರಿಂದ ಹೆಸರು ಶುರುವಾದರೆ ಕಂಪ್ಯೂಟರ್ ತಾನೇ ತಿಂಗಳ ಕ್ರಮದಲ್ಲಿ ಜೋಡಿಸುತ್ತದೆ. ತಿಂಗಳ ಹೆಸರಿನಿಂದ ಶುರುಮಾಡಿದರೆ ಅಕ್ಷರ ಕ್ರಮ ಹಿಡಿದು ಜನವರಿಗಿಂತ ಮೊದಲು ಆಗಸ್ಟ್ ಬಂದು ಕೂರುತ್ತದೆ.

ಓಟಿಪಿ ವಿಚಾರಕ್ಕೆ ಬೇರೆಯದೇ ಅಭ್ಯಾಸ ಬೇಕಾಯಿತು. ರಿಟರ್ನ್ ತಯಾರಿರುತ್ತದೆ, ಸಲ್ಲಿಸಲು ಪಾರ್ಟಿಯ ಫೋನಿಗೆ ಬರುವ ಓಟಿಪಿ ಕೆಲವೇ ನಿಮಿಷ ಬಾಳುತ್ತದೆ, ಪಾರ್ಟಿ ಸಿಗ್ನಲ್ ಇಲ್ಲದ ಅಡಿಕೆ ತೋಟದಲ್ಲಿರುತ್ತಾರೆ. ಈಗ ಹಿಂದಿನ ಸಂಜೆಯೇ ಫೋನ್: ‘ಅಣ್ಣಾ, ನಾಳೆ ಹತ್ತೂವರೆಗೆ ಓಟಿಪಿ ಬರುತ್ತೆ. ಆ ಹೊತ್ತಿಗೆ ಮನೆ ಹತ್ತಿರ ಇರ್ತೀರಾ, ಇಲ್ಲ ಹನ್ನೆರಡಕ್ಕೆ ಇಟ್ಕೊಳ್ಳೋಣವಾ?’ ಎರಡು ಗಂಟೆಗಳಲ್ಲಿ ಒಂದನ್ನು ಆರಿಸಲು ಬಿಡುವುದು ಕೆಲಸ ಮಾಡುತ್ತದೆ. ‘ಯಾವಾಗ ಸಿಗ್ತೀರಾ’ ಎಂದು ಕೇಳಿದರೆ ‘ಯಾವಾಗಾದ್ರೂ ಮಾಡಿ’ ಎನ್ನುವ ಉತ್ತರ ಬರುತ್ತದೆ. ಅದರ ಅರ್ಥ ಯಾವಾಗಲೂ ಸಿಗುವುದಿಲ್ಲ ಎಂದು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಸಂಜೆಯ 20 ನಿಮಿಷ. 5.40ಕ್ಕೆ ಹೊಸ ಎಂಟ್ರಿ ನಿಲ್ಲಿಸಿ ಪುಸ್ತಕದ ಸುತ್ತ ನಿಲ್ಲುತ್ತೇವೆ. ಕೂರುವುದಿಲ್ಲ, ಕೂತರೆ ಹರಟೆ. ಮುಗಿದದ್ದಕ್ಕೆ ಗೆರೆ, ನಾಳೆ ವಾಯಿದೆ ಇರುವುದಕ್ಕೆ ಚುಕ್ಕೆ. ತಲೆಗೆ ಮೂರು ಕೆಲಸದ ಮೇಲೆ ಹಂಚುವಂತಿಲ್ಲ. ತಪ್ಪಿಹೋಗುವಂತೆ ಕಾಣುವ ವಾಯಿದೆ ಇದ್ದರೆ ಆಗಲೇ ಪಾರ್ಟಿಗೆ ಫೋನ್. ಅವರು ಕೇಳುವ ಮೊದಲು ನಾವೇ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ‘ಪರವಾಗಿಲ್ಲ ಬಿಡಿ’ ಅನ್ನುತ್ತಾರೆ. ಅದೇ ಮಾತನ್ನು ಮರುದಿನ ಅವರು ಬಂದು ನಿಂತಾಗ ಹೇಳಿದರೆ ನೆಪವಾಗುತ್ತದೆ. ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಹೊಸ ದಿನ ಕೊಡಬೇಕು. ಸರ್ವರ್, ಕರೆಂಟ್, ಮನೆಯಲ್ಲಿ ಹುಷಾರಿಲ್ಲ ಎಂದು ಮೂರು ಕಾರಣ ಸೇರಿಸಿದರೆ ಮೂರನ್ನೂ ನಂಬುವುದಿಲ್ಲ. ಒಂದೇ ಕೆಲಸ ಎರಡನೇ ಸಲ ಮುಂದೆ ಹೋದರೆ ಅದು ನನ್ನ ಮೇಜಿಗೆ ಬರುತ್ತದೆ.

ಕೊನೆಗೆ ಬ್ಯಾಕಪ್. ಎರಡು ಡ್ರೈವ್, ದಿನ ಬಿಟ್ಟು ದಿನ ಒಂದೊಂದು, ಒಂದು ಯಾವಾಗಲೂ ಮನೆಯಲ್ಲಿ. ತಿಂಗಳ ಮೊದಲ ಶನಿವಾರ ಯಾವುದಾದರೂ ಒಂದು ಕಂಪನಿಯ ಡೇಟಾವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಕೊನೆಯ ಎಂಟ್ರಿಯವರೆಗೆ ಇದೆಯೇ ಎಂದು ನೋಡುತ್ತೇವೆ.

ಬಾಯಿ ಕಟ್ಟುವುದನ್ನೂ ಅಭ್ಯಾಸವೆಂದೇ ರೂಢಿಸಬೇಕಾಗುತ್ತದೆ. ಒಂದೇ ಮಂಡಿಯ ಇಬ್ಬರು ವ್ಯಾಪಾರಿಗಳು ನಮ್ಮಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಒಬ್ಬರ ವಹಿವಾಟು ಇನ್ನೊಬ್ಬರ ಕಿವಿಗೆ ಬೀಳಬಾರದು. ಹಾಗಾಗಿ ಮೊತ್ತವನ್ನು ಬಾಯಲ್ಲಿ ಹೇಳುವುದಿಲ್ಲ, ಚೀಟಿಯಲ್ಲಿ ಬರೆದು ತೋರಿಸಿ ಹರಿಯುತ್ತೇವೆ. ಫೈಲಿನ ಹೆಸರಿರುವ ಕಡೆ ಕೆಳಗೆ, ಕಂಪ್ಯೂಟರಿನ ಪರದೆ ಗೋಡೆಯ ಕಡೆಗೆ. ವಾಯಿದೆ ಪುಸ್ತಕ ತೆರೆದೇ ಇರುವುದರಿಂದ ಅದರಲ್ಲಿ ಮೊತ್ತ, ಪಾಸ್‌ವರ್ಡ್ ಬರೆಯುವುದಿಲ್ಲ. ಪೂರ್ತಿ ಹೆಸರೂ ಇಲ್ಲ, ಫೈಲ್ ನಂಬರ್ ಮಾತ್ರ. ‘ಅವರದ್ದೆಲ್ಲ ಹೇಗೆ ನಡೀತಿದೆ?’ ಎಂದು ಯಾರಾದರೂ ಕೆದಕಿದರೆ ‘ನಿಮ್ಮದನ್ನು ಕೇಳಿದವರಿಗೂ ನಾವು ಹೇಳಲ್ಲ ಸಾರ್’ ಅನ್ನುತ್ತೇವೆ. ಯಾರಿಗೂ ಬೇಸರವಾಗುವುದಿಲ್ಲ, ಕೇಳಿದವರಿಗೆ ಒಳಗೊಳಗೇ ಸಮಾಧಾನ.

ಇಷ್ಟನ್ನೂ ಒಂದೇ ಸೋಮವಾರ ಶುರುಮಾಡಿದರೆ ಮುಂದಿನ ಸೋಮವಾರ ಯಾವುದೂ ಉಳಿಯುವುದಿಲ್ಲ. ಒಮ್ಮೆಗೆ ಒಂದು, ಅದೂ ತಿಂಗಳ 23ರ ನಂತರ, ಕೈ ಸ್ವಲ್ಪ ಬಿಡುವಾದಾಗ. ಈಗಾಗಲೇ ನಡೆಯುತ್ತಿರುವ ಯಾವುದಾದರೂ ಕೆಲಸಕ್ಕೆ ಹೊಸದನ್ನು ಗಂಟು ಹಾಕುವುದು ಸುಲಭ. ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಕೈ ಕಂಪ್ಯೂಟರ್ ಒತ್ತುವ ಮೊದಲು ಪುಸ್ತಕ ತೆರೆಯಬೇಕು. ಹೊರಗೆ ಬೈಟು ಕಾಫಿ ಕುಡಿದು ಬಂದವರು ಕೂರುವ ಮೊದಲು ಪುಸ್ತಕ ನೋಡಬೇಕು. ‘ನೆನಪಿಟ್ಟುಕೊಂಡು ಮಾಡಿ’ ಎಂದಷ್ಟೇ ಹೇಳಿದ ಅಭ್ಯಾಸಗಳು ನಮ್ಮಲ್ಲಿ ನಿಲ್ಲಲಿಲ್ಲ.

21 ದಿನದಲ್ಲಿ ಅಭ್ಯಾಸವಾಗುತ್ತದೆ ಎನ್ನುವ ಮಾತನ್ನು ನಂಬಿ ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ, 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಬಂದ ನಡುವಿನ ಲೆಕ್ಕ 66 ದಿನ. 18 ದಿನದಿಂದ 254 ದಿನದವರೆಗೆ ವ್ಯತ್ಯಾಸವಿತ್ತು. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಎಂಬುದೂ ಅದರಲ್ಲೇ ಇದೆ. ನಮ್ಮ ಅನುಭವಕ್ಕೆ ಇದು ಹತ್ತಿರ. ಹಬ್ಬದ ಮರುದಿನ ಸಂಜೆಯ ಸಭೆ ತಪ್ಪಿದರೆ ತಪ್ಪಲಿ, ಅದರ ಮರುದಿನ ತಪ್ಪಬಾರದು. ದಂಡದ ಡಬ್ಬಿ ಇಡುವ ಯೋಚನೆ ಬೇಡ. ಹತ್ತು ರೂಪಾಯಿ ಹಾಕಿದವರು ತಪ್ಪಿನ ಬೆಲೆ ಕೊಟ್ಟಾಯಿತು ಎಂದುಕೊಂಡು ಹಗುರಾಗುತ್ತಾರೆ.

ಅದರ ಬದಲು ಶನಿವಾರ 15 ನಿಮಿಷ, ಆ ವಾರ ಮೀರಿದ ವಾಯಿದೆಗಳ ಪಕ್ಕ ಒಂದಕ್ಷರ: ಪಾರ್ಟಿ ಕಾಗದ ಕೊಡದಿದ್ದರೆ ‘ಪಾ’, ಪೋರ್ಟಲ್ ಆದರೆ ‘ಪೋ’, ನಮ್ಮದೇ ತಪ್ಪಾದರೆ ‘ನ’. ಯಾರ ತಪ್ಪು ಎಂಬ ಹೆಸರು ಬರೆಯುವುದಿಲ್ಲ. ‘ಪಾ’ ಹೆಚ್ಚಾದಾಗ 1 ಮತ್ತು 4ನೇ ತಾರೀಖು ಸಂದೇಶ ಕಳಿಸುವ ರೂಢಿ ಬಂತು: ‘ಕಳೆದ ತಿಂಗಳ ಮಾರಾಟ, ಖರೀದಿ ಬಿಲ್ 5ರ ಸಂಜೆಯೊಳಗೆ ತಲುಪಿಸಿ ಸಾರ್. ಆಮೇಲೆ ಬಂದದ್ದು ಈ ತಿಂಗಳ ಸಲ್ಲಿಕೆಗೆ ಸೇರುವುದು ಕಷ್ಟ.’ ‘ನ’ ಹೆಚ್ಚಾದರೆ ಮುಂದಿನ ವಾರ ಹೊಸ ಕೆಲಸ ಒಪ್ಪಿಕೊಳ್ಳುವುದು ಕಡಿಮೆ ಮಾಡುತ್ತೇವೆ.

ಆಯುಧಪೂಜೆಗೆ ಮೇಜುಗಳನ್ನೆಲ್ಲ ಖಾಲಿ ಮಾಡಿ, ಹೊಸ ವಾಯಿದೆ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು, ಹಳೆಯದರಲ್ಲಿ ಗೆರೆ ಬೀಳದ ಸಾಲುಗಳನ್ನು ಹೊಸದರ ಮೊದಲ ಪುಟಕ್ಕೆ ಏರಿಸುತ್ತೇವೆ. ಪುಸ್ತಕ ನಡುವೆ ತುಂಬಿದರೂ ಇದೇ ಕ್ರಮ, ಪೂಜೆಯೊಂದಿಲ್ಲ ಅಷ್ಟೇ. ಜುಲೈ ಮತ್ತು ಸೆಪ್ಟೆಂಬರಿನ ಕೊನೆಯ ವಾರ ಆದಾಯ ತೆರಿಗೆಯ ಗದ್ದಲ. ಆಗ ಬೆಳಗಿನ ಮೌನ, ಮೂರು ಹೊತ್ತಿನ ವಾಟ್ಸ್ಆ್ಯಪ್ ಎಲ್ಲ ಸಡಿಲ. ಆ ವಾರಗಳಲ್ಲೂ ಬಿಡದೆ ಇಟ್ಟುಕೊಂಡಿರುವುದು ಎರಡು: ಎದುರಿಗೇ ಬರೆದ ವಾಯಿದೆ, ತಪ್ಪುವ ಮೊದಲು ಮಾಡುವ ಫೋನ್.