ಕಪ್ಪತಗುಡ್ಡದಾಗ ಹೆಜ್ಜಿ, ಹಿಕ್ಕಿ ನೋಡೂದು: ನನ್ನ ಅನುಭವ

ಗದಗ ಜಿಲ್ಲಾದಾಗಿನ ಕಪ್ಪತಗುಡ್ಡಕ್ಕ ಹೋಗಿ ಬಂದವ್ರು ಹೇಳೂದು ಒಂದ ಮಾತು, ಗಾಳಿ ಫ್ಯಾನ್ ನೋಡಿದ್ವಿ, ಮಲ್ಲಯ್ಯ ದೇವರಿಗೆ ಕೈ ಮುಗದ್ವಿ, ಪ್ರಾಣಿ ಒಂದೂ ಕಾಣಲಿಲ್ಲ ಅಂತ. ಕಾಣೂದಿಲ್ರಿ. ಬಂಡೀಪುರದಂಗ ಜೀಪಿನ್ಯಾಗ ಕುಂತು ಆನಿ ನೋಡೋ ಜಾಗ ಅಲ್ಲ ಇದು, ಕುರುಚಲು ಗಿಡ, ಎದಿಮಟ ಬಾದೆ ಹುಲ್ಲು, ಕಬ್ಬಿಣದಂಥ ಕೆಂಪ ಕಲ್ಲು, ಇಲ್ಲಿರೋ ಕತ್ತೆಕಿರುಬ, ಚಿರತಿ, ಮುಳ್ಳಹಂದಿ ಎಲ್ಲಾ ನೈಟ್ ಶಿಫ್ಟಿನವು. ಅದಕ್ಕ ನಾನು ಪ್ರಾಣಿ ಬೆನ್ನು ಹತ್ತೂದು ಬಿಟ್ಟು ಅವು ಬಿಟ್ಟುಹೋಗಿದ್ದನ್ನ ಓದೂದು ಕಲತೆ.

ಗದಗದಿಂದ ಡಂಬಳ ದಾಟಿ ಡೋಣಿ ಕಡೆಯಿಂದ ಹೋಗೂದು ನಂಗ ರೂಢಿ. ಇದು ವನ್ಯಜೀವಿಧಾಮ, ದಾರಿ ಬಿಟ್ಟು ಒಳಗ ಅಡ್ಡಾಡಬೇಕಂದ್ರ ಅರಣ್ಯ ಇಲಾಖೆ ಪರ್ಮಿಷನ್ ಬೇಕು. ಬೆಳಿಗ್ಗೆ ಬಿಸಿಲು ಓರಿ ಬೀಳೋ ಹೊತ್ತಿನ್ಯಾಗ ಹೋಗ್ರಿ, ಹೆಜ್ಜಿ ಒಳಗ ನೆರಳು ಬಿದ್ದು ಎದ್ದು ಕಾಣ್ತಾವು, ಮಧ್ಯಾಹ್ನ ಅದ ಮಣ್ಣಾಗ ಏನೂ ಕಾಣೂದಿಲ್ಲ. ಹಳ್ಳದ ಉಸುಕು, ಬಂಡಿದಾರಿ ಹುಡಿಮಣ್ಣು, ಇವೆರಡ ನೋಡಿದ್ರ ಸಾಕು. ಫೋಟೋ ತೆಗಿಯೂವಾಗ ಬಾಜೂಕ ಒಂದು ನಾಣ್ಯ ಇಡ್ರಿ, ಇಲ್ಲಂದ್ರ ಮನಿಗೆ ಬಂದ ಮ್ಯಾಲೆ ಅಳತಿ ತಿಳಿಯೂದಿಲ್ಲ.

ಚಿರತಿ ಹೆಜ್ಜಿಯಾಗ ಉಗುರಿನ ಗುರುತು ಇರೂದಿಲ್ಲ, ನಡಿಯೂವಾಗ ಉಗುರು ಒಳಗ ಎಳಕೊಂಡಿರ್ತದ. ಕತ್ತೆಕಿರುಬಂದು ಉಗುರು ಮೂಡ್ತದ, ಮುಂದಿನ ಪಾದ ಹಿಂದಿನದ್ದಕಿಂತ ಎದ್ದು ಕಾಣೋವಷ್ಟು ದೊಡ್ಡದು, ಬೆರಳು ಒತ್ತೊತ್ತಾಗಿರ್ತಾವು. ತೋಳ ಮತ್ತ ಊರನಾಯಿ ನಡುವ ಮಾತ್ರ ಭಾಳ ಗೊಂದಲ, ಒಂದ ಹೆಜ್ಜಿ ನೋಡಿ ಹೇಳಾಕ ಹೋಗಬ್ಯಾಡ್ರಿ, ಸಾಲು ನೋಡ್ರಿ, ತೋಳ ಸೀದಾ ಗೆರಿ ಹೊಡದಂಗ ಹೋಗ್ತದ, ನಾಯಿ ಆ ಕಡೆ ಈ ಕಡೆ ಮೂಸಕೋತ ಅಡ್ಡಾದಿಡ್ಡಿ. ಇದನ್ನ ನಂಗ ತೋರಿಸಿಕೊಟ್ಟವ್ರು ಕುರಿಗಾರರು. ಪುಸ್ತಕದಾಗಿನ ಚಿತ್ರಕ್ಕಿಂತ ಅವರ ಕಣ್ಣು ಖರೇವ.

ಹಿಕ್ಕಿನೂ ಅಷ್ಟ. ಸುಣ್ಣದಂಗ ಬೆಳ್ಳಗ ಒಣಗಿದ್ದು ಕಂಡ್ರ ಕತ್ತೆಕಿರುಬದ್ದು ಇರಬಹುದು, ಎಲುಬು ಅಗಿದು ನುಂಗ್ತದಲ್ಲ, ಅದರ ಕ್ಯಾಲ್ಸಿಯಂ ಅದು. ಸತ್ತ ದನ ಊರ ಹೊರಗ ಬಿಸಾಕಿದ್ರ ರಾತ್ರಿ ಬಂದು ಸ್ವಚ್ಛ ಮಾಡೂದು ಇದ, ಜನ ಸುಮ್ನ ಅದಕ್ಕ ಹೆದರತಾರ. ಕೊಂಡುಕುರಿ ಅನ್ನೋ ಸಣ್ಣ ಹುಲ್ಲೆದಂತೂ ಇನ್ನೂ ಮಜಾ, ಮತ್ತ ಮತ್ತ ಒಂದ ಜಾಗಕ್ಕ ಬಂದು ಹಿಕ್ಕಿ ಹಾಕ್ತದ, ಹಳೇದರ ಮ್ಯಾಲೆ ಹೊಸಾದು ಬಿದ್ದ ಗುಡ್ಡಿ ಸಿಕ್ರ ಆ ಸುತ್ತ ಅದು ವಾಸ ಐತಿ ಅಂತ ತಿಳಕೋಬಹುದು. ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ಹಗಲಿನ್ಯಾಗ ಕಣ್ಣಿಗೆ ಬೀಳೂದಂದ್ರ ಚಿಗರಿ, ಅಂದ್ರ ಕೃಷ್ಣಮೃಗ, ಅದೂ ಗುಡ್ಡದ ಕೆಳಗ ಬಯಲು ಹೊಲದಾಗ. ಹುಬ್ಬಳ್ಳಿ ಮಂದಿಗೆ ಚಿಗರಿ ಅಂದ್ರ ಬಸ್ಸ ನೆನಪಾಗ್ತದ, ಇರ್ಲಿ.

ಕುರುಚಲು ಕಾಡು ಅಂದ್ರ ಏನೂ ಇಲ್ಲದ ಜಾಗ ಅನ್ನೋ ನಂಬಿಕಿನ ಈ ಗುಡ್ಡಕ್ಕ ದೊಡ್ಡ ಕುತ್ತು ತಂದಿದ್ದು. ಒಳಗ ಬಂಗಾರ, ಕಬ್ಬಿಣ, ಮ್ಯಾಂಗನೀಸ್ ಐತಿ, ಗಣಿ ಕಣ್ಣು ಮೊದಲಿಂದನೂ ಇದ್ದದ್ದ. 2015ರಾಗ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಣಾ ಆತು, 2016ರಾಗ ಸರ್ಕಾರನ ಅದನ್ನ ವಾಪಸ್ ತಗೊಂತು. ಆಮ್ಯಾಲೆ ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದ ನಿಂತ್ರು, ಜನ ಧರಣಿ ಕುಂತ್ರು, 2017ರಾಗ ಆದೇಶ ತಿರುಗಿ ಬಂತು. 2019ರಾಗ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆತು, ಸ್ವಾಮೀಜಿ ಅದನ್ನ ನೋಡಲಿಲ್ಲ, ಹಿಂದಿನ ವರ್ಷನ ಲಿಂಗೈಕ್ಯ ಆಗಿದ್ರು. ನನ್ನ ಕೇಳಿದ್ರ ಈಗಿನ ದೊಡ್ಡ ಕಾಟ ಬೆಂಕಿ, ಬ್ಯಾಸಗಿಯಾಗ ಬಾದೆ ಹುಲ್ಲು ಒಣಗಿ ನಿಂತಿರ್ತದ, ಒಂದು ಬೀಡಿ ತುಂಡು ಸಾಕು.

ಹೊಸಬರು ಮಳಿಗಾಲ ಮುಗದ ಮ್ಯಾಲೆ ಹೋಗ್ರಿ, ಹಸಿ ಮಣ್ಣು ಆರಿಕೋತ ಬರೋವಾಗ ಹೆಜ್ಜಿ ಅಚ್ಚು ಒತ್ತಿದಂಗ ಉಳೀತಾವು. ಡಿಸೆಂಬರ್ ಜನವರಿಯಾದ್ರ ಹಂಗ ಶಿರಹಟ್ಟಿ ಕಡೆ ಹೊಳ್ಳಿ ಮಾಗಡಿ ಕೆರಿ ನೋಡಿ ಬರ್ರಿ, ಪಟ್ಟೆ ತಲೆ ಬಾತುಗಳು ಹಿಮಾಲಯ ದಾಟಿ ಬಂದಿರ್ತಾವು, ಅವಕ್ಕ ಹೆಜ್ಜಿ ಹುಡುಕೋ ಉಸಾಬರಿ ಇಲ್ಲ.