ಹವ್ಯಾಸಿ ರಂಗಕರ್ಮಿಯ ಸ್ಮರಣ ಸಂಚಿಕೆ: ಸಾಮಗ್ರಿ ಸಂಗ್ರಹದಿಂದ ಅಚ್ಚಿನವರೆಗೆ

ಊರಿನ ನಾಟಕ ತಂಡದಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರು, ರಕ್ತದಾನ ಶಿಬಿರಕ್ಕೂ ಶಾಲೆಯ ವಾರ್ಷಿಕೋತ್ಸವಕ್ಕೂ ಹೆಗಲು ಕೊಟ್ಟವರು ತೀರಿಕೊಂಡಾಗ ಬರುವ ಸಂಚಿಕೆಗಳು ಬಹುಮಟ್ಟಿಗೆ ಒಂದೇ ಥರ. ‘ಸರಳ ಸಜ್ಜನ, ಸದಾ ಹಸನ್ಮುಖಿ, ಅಜಾತಶತ್ರು’ ಎಂಬ ಮಾತು ಹೆಸರು ಬದಲಿಸಿದರೆ ಯಾರಿಗೂ ಒಪ್ಪುತ್ತದೆ. ಹೆಸರಾಂತ ಕಲಾವಿದರ ಬಗ್ಗೆ ಪತ್ರಿಕೆಗಳಲ್ಲಿ ಏನಾದರೂ ಉಳಿದಿರುತ್ತದೆ. ಹವ್ಯಾಸಿಗಳದ್ದು ಮನೆಯ ಟ್ರಂಕಿನಲ್ಲಿ, ಗೆಳೆಯರ ನೆನಪಿನಲ್ಲಿ ಮಾತ್ರ. ಆದ್ದರಿಂದ ಗುಣಗಾನ ಬದಿಗಿಟ್ಟು, ಅವರು ಮಾಡಿದ ಕೆಲಸಗಳನ್ನು ಒಂದೊಂದಾಗಿ ದಾಖಲಿಸುವುದೇ ಸಂಚಿಕೆಯ ಉದ್ದೇಶವಾಗಲಿ.

ನುಡಿನಮನವನ್ನೂ ಸಂಚಿಕೆಯನ್ನೂ ಒಟ್ಟಿಗೆ ಹಮ್ಮಿಕೊಳ್ಳಬೇಡಿ. ಮನೆಯವರ ಉತ್ತರಕ್ರಿಯೆಗಳು ಮುಗಿದ ಮೇಲೆ, ಅವರನ್ನು ಕೇಳಿಕೊಂಡೇ, ನುಡಿನಮನದ ದಿನ ಗೊತ್ತುಮಾಡಿ. ಸಂಚಿಕೆ ಮೊದಲ ವರ್ಷದ ಪುಣ್ಯತಿಥಿಗೆ ಬಂದರೆ ಸಾಕು. ಹದಿನೈದು ದಿನದಲ್ಲಿ ತಂದ ಸಂಚಿಕೆಯಲ್ಲಿ ಸಂತಾಪ ಸಂದೇಶಗಳಷ್ಟೇ ಇರುತ್ತವೆ.

ಸಾಮಗ್ರಿ ಹುಡುಕಾಟ ಮನೆಯಿಂದ ಶುರುವಾಗಲಿ. ಕೇಳಬೇಕಾದ್ದು: ನಾಟಕದ ಕರಪತ್ರಗಳು, ಆಮಂತ್ರಣ ಪತ್ರಿಕೆಗಳು, ತಾಲೀಮಿನ ಪ್ರತಿಗಳು, ಡೈರಿ, ಸಭಾಂಗಣದ ಬಾಡಿಗೆ ರಸೀದಿ, ಸಂಘದ ನಡಾವಳಿ ಪುಸ್ತಕ, ಕ್ಯಾಸೆಟ್ಟು. ತಾಲೀಮಿನ ಪ್ರತಿಯನ್ನು ಪುಟಪುಟವಾಗಿ ನೋಡಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ‘ಇಲ್ಲಿ ಬೆಳಕು ಇಳಿಯಲಿ’, ‘ಚೊಂಬು ಎಡ ವಿಂಗ್‌ನಲ್ಲಿ’ ಎಂಬಂಥ ಟಿಪ್ಪಣಿಗಳು ಹತ್ತು ಭಾಷಣಕ್ಕಿಂತ ಹೆಚ್ಚು ಹೇಳುತ್ತವೆ. ಅಂಥ ಒಂದು ಪುಟವನ್ನು ಹಾಗೆಯೇ ಅಚ್ಚು ಹಾಕಿಸಿ.

ಅಂಟಿನ ಹಾಳೆಯ ಹಳೇ ಆಲ್ಬಮ್ಮಿನಿಂದ ಫೋಟೊ ಎಳೆಯಲು ಹೋದರೆ ಹಿಂಬದಿ ಕಿತ್ತು ಬರುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೊದ ಅಡಿಗೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಡಿಸುತ್ತ ಬಿಡಿಸಿ. ಬರದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ. 4×6 ಇಂಚಿನ ಚಿತ್ರಕ್ಕೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಇಟ್ಟರೆ, ಅಚ್ಚಿನ 300 ಡಿಪಿಐ ಲೆಕ್ಕದಲ್ಲಿ ಎರಡು ಪಟ್ಟು ದೊಡ್ಡದು ಮಾಡಬಹುದು. ಊರಾಚೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿರುತ್ತದೆ, ಫೋನಿನಲ್ಲಿ ಚೆನ್ನಾಗಿ ಕಂಡರೂ ಅಚ್ಚಿನಲ್ಲಿ ಮಸಕು. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ. ಜೆರಾಕ್ಸ್ ಪ್ರತಿಯಲ್ಲಿ ಮುಖಗಳಿಗೆ ಸಂಖ್ಯೆ ಹಾಕಿ, ತಂಡದ ಹಿರಿಯರ ಮುಂದಿಟ್ಟು ಹೆಸರು ಬರೆಸಿಕೊಳ್ಳಿ. ಉಳಿದೆಲ್ಲ ಕೆಲಸ ಕಾಯಬಹುದು, ಇದು ಕಾಯುವುದಿಲ್ಲ. ಮುಖ ಗುರುತಿಸುವವರಿಗೂ ವಯಸ್ಸಾಗಿರುತ್ತದೆ.

ಹೆಚ್ಚು ಎಡವುವುದು ಇಸವಿಯಲ್ಲಿ. ಕರಪತ್ರಗಳಲ್ಲಿ ವಾರ, ತಾರೀಕು ಇರುತ್ತದೆ, ವರ್ಷ ಇರುವುದಿಲ್ಲ. ‘ಶನಿವಾರ, ಮಾರ್ಚ್ 27, ವಿಶ್ವ ರಂಗಭೂಮಿ ದಿನ’ ಎಂದಷ್ಟೇ ಇದೆ ಎನ್ನಿ. 1975ರಿಂದ 1995ರೊಳಗೆ ಮಾರ್ಚ್ 27 ಶನಿವಾರ ಬಿದ್ದದ್ದು 1976, 1982, 1993ರಲ್ಲಿ ಮಾತ್ರ. ಆ ವರ್ಷಗಳಲ್ಲಿ ನಿರ್ದೇಶಕರು ಊರಲ್ಲಿದ್ದರೇ, ನಾಯಕಿ ಪಾತ್ರಧಾರಿಗೆ ಆಗ ಎಷ್ಟು ವಯಸ್ಸು ಎಂದು ನೋಡಿದರೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ. ವಿಳಾಸವೂ ನೆರವಾಗುತ್ತದೆ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್‌ನಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ದಾವಣಗೆರೆ, ಉಡುಪಿ, ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ನೆನಪುಗಳನ್ನೂ ಹೀಗೇ ಒರೆಗೆ ಹಚ್ಚಿ. 1980ರಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಸಂಚಾರಿ ತಂಡವಾದ ತಿರುಗಾಟದ ನಾಟಕವನ್ನು ಊರಿಗೆ ಕರೆಸಿದ್ದರು ಎಂದರೆ ಎಲ್ಲೋ ತಪ್ಪಿದೆ, ತಿರುಗಾಟ ಶುರುವಾದದ್ದೇ 1985ರಲ್ಲಿ. ಹಾಗೆಂದು ಹೇಳಿದವರ ಮುಖಕ್ಕೆ ಹೊಡೆದಂತೆ ತಿದ್ದಬೇಡಿ, ಇನ್ನಿಬ್ಬರನ್ನು ಕೇಳಿ. ಅಚ್ಚಾದ ತಾರೀಕನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮಳೆಗೋ ಕರೆಂಟಿಗೋ ಮುಂದೆ ಹೋದ ಪ್ರದರ್ಶನಗಳು ಬೇಕಾದಷ್ಟಿವೆ.

ಕೊನೆಗೆ ಒಂದು ಪಟ್ಟಿ ಸಿದ್ಧವಾಗಬೇಕು: ನಾಟಕ, ನಾಟಕಕಾರ, ನಿರ್ದೇಶಕ, ದಿನ, ಸ್ಥಳ, ಇವರ ಕೆಲಸ. ‘ಇವರ ಕೆಲಸ’ ಎಂಬಲ್ಲಿ ಪಾತ್ರವನ್ನು ಬರೆದು ನಿಲ್ಲಿಸಬೇಡಿ. ಪರದೆ, ಪ್ರಾಂಪ್ಟಿಂಗ್, ಪ್ರಸಾಧನ, ಟಿಕೆಟ್ ಮಾರಾಟ, ತಾಲೀಮಿಗೆ ಶಾಲೆಯ ಕೋಣೆ ಕೇಳಿದ್ದು, ಎಲ್ಲವೂ ಬರಲಿ. ಸಮಾಜಸೇವೆಗೂ ಇಂಥದೇ ಪಟ್ಟಿ ಬೇಕು. ‘ನೂರಾರು ಶಿಬಿರ’ ಎಂದು ಬರೆಯುವ ಬದಲು, ದಾಖಲೆ ಸಿಕ್ಕ ಎಂಟು ಶಿಬಿರಗಳ ದಿನ, ಜಾಗ, ಸಂಗ್ರಹವಾದ ಯೂನಿಟ್ ಕೊಡಿ. ಎಂಟೇ ಇದ್ದರೆ ಎಂಟೇ.

ನೆನಪು ಹೇಳುವವರನ್ನು ‘ಅವರು ಎಂಥವರು?’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರವೇ ಬರುತ್ತದೆ. ತಾಲೀಮು ಎಷ್ಟು ಗಂಟೆಗೆ ಮುಗಿಯುತ್ತಿತ್ತು? ಆಮೇಲೆ ಹುಡುಗಿಯರನ್ನು ಮನೆಗೆ ಬಿಡುತ್ತಿದ್ದವರು ಯಾರು? ಚಂದಾ ಸಾಲದೆ ಹೋದಾಗ ಏನು ಮಾಡುತ್ತಿದ್ದರು? ಸಿಟ್ಟು ಬಂದರೆ ಹೇಗಿರುತ್ತಿದ್ದರು? ಹೀಗೆ ಕೇಳಿ. ಮಾತನ್ನು ಮುದ್ರಿಸಿಕೊಳ್ಳುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಮಾತಾಡುವವರಿಗೆ ಒಂದು ಗೇಣು ದೂರದಲ್ಲಿಡಿ. ನಲವತ್ತು ನಿಮಿಷದ ಮಾತು ಸಾಕು, ಅದನ್ನು ಬರಹಕ್ಕಿಳಿಸಲು ಮೂರ್ನಾಲ್ಕು ಗಂಟೆ ಬೇಕಾಗುತ್ತದೆ. ಆಡುಮಾತನ್ನು ಗ್ರಾಂಥಿಕ ಮಾಡಬೇಡಿ. ಕಾಯಿಲೆಯ ವಿವರ, ಸಾಲ, ಸಂಘದ ಜಗಳ ಬಂದರೆ ಮನೆಯವರಿಗೆ ತೋರಿಸದೆ ಅಚ್ಚಿಗೆ ಕೊಡಬೇಡಿ.

ನುಡಿನಮನ ಒಂದೂವರೆ ಗಂಟೆ ಮೀರದಿರಲಿ. ಐದು ನಿಮಿಷದಂತೆ ಆರು ಜನ ಮಾತಾಡಲಿ, ಅದರಲ್ಲಿ ಒಬ್ಬರಾದರೂ ನೇಪಥ್ಯದವರಿರಲಿ. ಎರಡು ರಂಗಗೀತೆ, ಅವರಿಗೆ ಇಷ್ಟವಾದ ನಾಟಕದಿಂದ ಹತ್ತು ನಿಮಿಷದ ದೃಶ್ಯ. ದೃಶ್ಯವನ್ನು ಪ್ರತಿ ಹಿಡಿದು ಓದಿದರೂ ಸರಿ, ಆದರೆ ಎರಡು ತಾಲೀಮು ಮಾಡಿ. ‘ಎಲ್ಲರಿಗೂ ಬಾಯಿಪಾಠ ಇದೆ’ ಎಂಬ ಧೈರ್ಯದಲ್ಲಿ ಹತ್ತಿದರೆ ಮಧ್ಯೆ ನಿಂತುಹೋಗುತ್ತದೆ. ಹಾರ್ಮೋನಿಯಂ ಶ್ರುತಿ ಮೊದಲೇ ಗೊತ್ತುಮಾಡಿಕೊಳ್ಳಿ: ಇಪ್ಪತ್ತೈದರಲ್ಲಿ ಹಾಡಿದ ಶ್ರುತಿ ಅರವತ್ತರಲ್ಲಿ ಏರುವುದಿಲ್ಲ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಪ್ರದರ್ಶಿಸಿದರೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದೇ ಹಾಡನ್ನು ಸಂಚಿಕೆಯಲ್ಲಿ ಅಚ್ಚು ಹಾಕಲು ಅನುಮತಿ ಬೇಕು. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳಿಗೆ ಈಗ ಆ ತೊಡಕಿಲ್ಲ.

ಡೆಮಿ ಅಷ್ಟದಳ, ಅಂದರೆ 5.5×8.5 ಇಂಚು, 48 ಅಥವಾ 64 ಪುಟ ಸಾಕು. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಗುಣಕವಾಗಿರಬೇಕು. 50 ಪುಟ ಎಂದು ಹಟ ಹಿಡಿದರೆ ಎರಡು ಪುಟ ಖಾಲಿ ಉಳಿಯುತ್ತದೆ, ಆಮೇಲೆ ಅಲ್ಲಿಗೆ ಯಾರದೋ ಜಾಹೀರಾತು ಬರುತ್ತದೆ. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ (ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕ), ಚಿತ್ರಗಳಿಗೆ ನಡುವೆ ಎಂಟು ಪುಟ ಆರ್ಟ್ ಪೇಪರ್.

ಕನ್ನಡದಲ್ಲಿ ಎಲ್ಲಕ್ಕಿಂತ ದೊಡ್ಡ ತಲೆನೋವು ಅಕ್ಷರದ್ದು. ಲೇಖನಗಳು ಫೋನಿನಿಂದ ಯೂನಿಕೋಡ್‌ನಲ್ಲಿ ಬರುತ್ತವೆ. ಡಿಟಿಪಿಯವರು ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರ ಬಳಸುತ್ತಿದ್ದರೆ ಎಲ್ಲವನ್ನೂ ಪರಿವರ್ತಿಸಬೇಕಾಗುತ್ತದೆ. ಆಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಇನ್‌ಡಿಸೈನ್‌ನಲ್ಲಿ ನೇರ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರನ್ನು ಹುಡುಕಿ. ಸಿಗದಿದ್ದರೆ ಕರಡನ್ನು ಪರಿವರ್ತನೆಯಾದ ಮೇಲೆಯೇ ತಿದ್ದಿ, ಮೊದಲು ತಿದ್ದಿದ್ದು ವ್ಯರ್ಥ. ಕರಡು ನೋಡುವವರು ಇಬ್ಬರಿರಲಿ. ಎರಡನೆಯವರು ಹೆಸರು, ಇಸವಿ, ಚಿತ್ರದ ಅಡಿಬರಹ ಇಷ್ಟನ್ನೇ ನೋಡಲಿ.

ಬಿಡುಗಡೆಯ ದಿನ ಉತ್ಸಾಹದಲ್ಲಿ ದತ್ತಿ ಪ್ರಶಸ್ತಿ ಘೋಷಿಸುವ ಮುನ್ನ ಲೆಕ್ಕ ಹಾಕಿ. ಲಕ್ಷ ರೂಪಾಯಿ ಠೇವಣಿಗೆ ಶೇ 6ರ ಬಡ್ಡಿಯಾದರೆ ವರ್ಷಕ್ಕೆ ಕೈಗೆ ಬರುವುದು ₹6,000. ಹತ್ತು ಸಾವಿರದ ಪ್ರಶಸ್ತಿಯೆಂದು ಮೈಕಿನಲ್ಲಿ ಹೇಳಿಬಿಟ್ಟರೆ ಮೂರನೇ ವರ್ಷಕ್ಕೆ ನಿಲ್ಲುತ್ತದೆ. ಅಚ್ಚಾದ ಪ್ರತಿಗಳಲ್ಲಿ ಹತ್ತನ್ನು ಊರಿನ ಗ್ರಂಥಾಲಯಕ್ಕೆ, ಅವರು ಕಲಿತ ಶಾಲೆಗೆ, ನೆರೆಯೂರಿನ ರಂಗತಂಡಗಳಿಗೆ ಎತ್ತಿಡಿ. ಸ್ಕ್ಯಾನ್ ಮಾಡಿದ ಮೂಲ ಕಡತಗಳನ್ನು ಎರಡು ಡಿಸ್ಕ್‌ಗಳಲ್ಲಿ ಹಾಕಿ ಎರಡು ಬೇರೆ ಮನೆಗಳಲ್ಲಿಡಿ, ಆಲ್ಬಮ್ಮುಗಳನ್ನು ಎಣಿಸಿ ಮನೆಯವರ ಕೈಗೆ ವಾಪಸ್ ಕೊಡಿ.